ಹಳೆಯ ಗಾಡಿಯ ಟಾಕಿ: ಒಳತುಕ್ಕಿಗೆ ಮದ್ದು

“ಮೇಲೆ ಥಳಕು, ಒಳಗೆ ಹುಳುಕು” ಎಂಬ ಗಾದೆಯನ್ನು ಹಿರಿಯರು ಮನುಷ್ಯರನ್ನು ಕುರಿತು ಹೇಳಿದ್ದಾದರೂ ಹಳೆಯ ಮೋಟಾರು ಸೈಕಲ್ಲಿನ ಪೆಟ್ರೋಲ್ ಟಾಕಿಗೆ ಅದು ಪೂರ್ಣವಾಗಿ ಸಲ್ಲುತ್ತದೆ. ಖಂಡೇನವಮಿಯ ದಿನ ನಾವು ಗಾಡಿಯನ್ನು ತೊಳೆದು, ಒರೆಸಿ, ಟಾಕಿಗೆ ವಿಭೂತಿ ಕುಂಕುಮ ಹಚ್ಚಿ ಮಾಲೆ ಹಾಕುತ್ತೇವೆ. ಆ ಟಾಕಿಯ ಒಳಗೆ ಏನಾಗಿದೆ ಎಂದು ಇಣುಕಿ ನೋಡುವವರು ಕಡಿಮೆ. ಗಾಡಿ ನಡುದಾರಿಯಲ್ಲಿ ನಿಂತರೆ ಪ್ಲಗ್ಗು ಬದಲಿಸುತ್ತೇವೆ, ಕಾರ್ಬುರೇಟರು ಬಿಚ್ಚುತ್ತೇವೆ, ಫಿಟರನನ್ನು ದೂರುತ್ತೇವೆ. ರೋಗದ ಮೂಲ ಮಾತ್ರ ನಮ್ಮ ಎರಡು ಮೊಣಕಾಲುಗಳ ನಡುವೆಯೇ ಇರುತ್ತದೆ.

ನಮ್ಮ ಜತ್ತ ಸೀಮೆಯ ಹಳ್ಳಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಹಳೆಯ ಗಾಡಿಗಳು ಇಂದಿಗೂ ದುಡಿಯುತ್ತಿವೆ. ಹಾಲಿನ ಕ್ಯಾನು, ಮೇವಿನ ಹೊರೆ, ದ್ರಾಕ್ಷಿ ದಾಳಿಂಬೆಯ ಔಷಧದ ಡಬ್ಬಿ ಎಲ್ಲವೂ ಅವುಗಳ ಮೇಲೆಯೇ ಸಾಗುತ್ತವೆ. ಅಂಥ ಗಾಡಿಗಳ ಟಾಕಿಯನ್ನು ಒಳಗಿನಿಂದ ಶುಚಿಮಾಡಿ, ತುಕ್ಕು ಮರಳದಂತೆ ಲೇಪಿಸುವ ಕ್ರಮವನ್ನು ರೈತ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ಲೇಪದ ಡಬ್ಬಿಯ ಮೇಲಿನ ಸೂಚನೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಸಣ್ಣಕ್ಷರಗಳಲ್ಲಿ ಇರುತ್ತದೆ. ಅದನ್ನು ಓದದೆ ಕೈಹಾಕಿದರೆ ಹಣ ಹೋಗುವುದು ಒಂದು ಕಡೆಗಿರಲಿ, ಜೀವಕ್ಕೇ ಅಪಾಯ ಬರಬಹುದು. ನಾನು ಇದನ್ನು ಪುಸ್ತಕದಿಂದ ಕಲಿತದ್ದಕ್ಕಿಂತ ನನ್ನ ಎರಡು ತಪ್ಪುಗಳಿಂದ ಕಲಿತದ್ದೇ ಹೆಚ್ಚು.

ಮೊದಲನೆಯ ತಪ್ಪು

ನಮ್ಮ ಮನೆಯಲ್ಲಿ ಒಂದು ಯೆಜ್ದಿ ಗಾಡಿಯಿದೆ. ಅದು ಮೈಸೂರಿನಲ್ಲಿ ತಯಾರಾದದ್ದು. ಆ ಹಳೆಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಮ್ಮ ತಂದೆಯವರು ಅದನ್ನು ಬೇರೊಬ್ಬರಿಂದ ಕೊಂಡು ಹೊಲಮನೆಯ ಕೆಲಸಕ್ಕೆಲ್ಲ ಬಳಸಿದರು. ಅವರ ಕೈಕಾಲು ಸೋತ ಮೇಲೆ ಗಾಡಿ ಕೊಟ್ಟಿಗೆಯಲ್ಲಿ ಹಲವು ವರ್ಷ ನಿಂತಿತು. 2018ರ ಬೇಸಿಗೆ ರಜೆಯಲ್ಲಿ ನಾನು ಅದನ್ನು ಮತ್ತೆ ಓಡಿಸಬೇಕೆಂದು ಹೊರಟೆ. ಟಾಕಿಯ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಪೆಟ್ರೋಲು ಜಿನುಗುತ್ತಿತ್ತು. ಸಾಬೂನಿನ ತುಂಡನ್ನು ಒತ್ತಿ ಉಜ್ಜಿದರೆ ಜಿನುಗು ತುಸು ಹೊತ್ತು ನಿಲ್ಲುವುದುಂಟು. ಆದರೆ ಅದು ಟಾಕಿ ಖಾಲಿ ಮಾಡುವವರೆಗಿನ ಉಪಾಯವೇ ಹೊರತು ರಿಪೇರಿಯಲ್ಲ.

ಪೆಟ್ರೋಲು ಸುರಿದೆ, ಟಾಕಿಯನ್ನು ಒಂದು ದಿನ ಬಿಸಿಲಿಗಿಟ್ಟೆ, ವಾಸನೆ ಬಹುಮಟ್ಟಿಗೆ ಹೋಯಿತೆಂದುಕೊಂಡೆ. ಸಂತೆಯ ದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯ ಹಿರಿಯರು ಟಾಕಿಯ ಬಾಯಿಗೆ ಮೂಗು ತಂದು ನೋಡಿ, ಕೈಯಲ್ಲಿದ್ದ ಗ್ಯಾಸಿನ ನಳಿಗೆಯನ್ನು ದೂರ ಇಟ್ಟರು.

“ಮಾಸ್ತರ್ರ, ಇದರಾಗ ಏನೈತ್ರಿ?”

“ಏನೂ ಇಲ್ಲ ಕಾಕಾ, ನಿನ್ನೇನ ಖಾಲಿ ಮಾಡೀನಿ.”

“ಖಾಲಿ ಐತಿ ಅಂತನ ಅಂಜಿಕಿರೀ. ತುಂಬಿದ ಟಾಕಿ ಉರಿತೈತಿ, ಖಾಲಿ ಟಾಕಿ ಸಿಡಿತೈತಿ.”

ಹಾಗೆಂದು ಅವರು ಅಂಗಿಯ ತೋಳು ಮೇಲಕ್ಕೆ ಸರಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಒಂದು ಖಾಲಿ ಬ್ಯಾರಲ್ಲನ್ನು ನಂಬಿದ್ದರ ಫಲ ಅದು. ವರ್ಷಂಪ್ರತಿ ಮಕ್ಕಳಿಗೆ ಬಾಷ್ಪೀಭವನದ ಪಾಠ ಹೇಳುವ ನಾನು ಆ ದಿನ ಅವರ ಮುಂದೆ ವಿದ್ಯಾರ್ಥಿಯಂತೆ ನಿಂತೆ.

ಅವರ ಮಾತಿನ ಹಿಂದಿನ ಶಾಸ್ತ್ರ ಇಷ್ಟು. ಉರಿಯುವುದು ದ್ರವರೂಪದ ಪೆಟ್ರೋಲಲ್ಲ, ಅದರಿಂದ ಏಳುವ ಆವಿ. ನೀರು ಹೆಪ್ಪುಗಟ್ಟುವ ಚಳಿಗಿಂತ ಎಷ್ಟೋ ಕೆಳಗೆ, ಸೊನ್ನೆಗಿಂತ 40 ಡಿಗ್ರಿ ಕೆಳಗೂ, ಪೆಟ್ರೋಲಿನಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ. ಗಾಳಿಯ ನೂರು ಪಾಲಿನಲ್ಲಿ ಈ ಆವಿ ಸುಮಾರು ಒಂದೂವರೆಯಿಂದ ಏಳೂವರೆ ಪಾಲಿನವರೆಗೆ ಬೆರೆತಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. ತುಂಬಿದ ಟಾಕಿಯೊಳಗೆ ಗಾಳಿಗೆ ಸ್ಥಳ ಕಡಿಮೆ, ಆವಿ ಬಹಳ. ಆದ್ದರಿಂದ ಅಲ್ಲಿ ಸಿಡಿತ ಅಷ್ಟು ಸುಲಭವಲ್ಲ. ಸುರಿದು ಬಿಟ್ಟ ಟಾಕಿಯ ಸಂದುಗಳಲ್ಲಿ ಒಂದೆರಡು ಚಮಚೆ ಪೆಟ್ರೋಲು ಅಡಗಿರುತ್ತದೆ, ಒಳಗೆ ಬೇಕಾದಷ್ಟು ಗಾಳಿಯೂ ಇರುತ್ತದೆ. ಅದು ಮದ್ದು ತುಂಬಿದ ಗಡಿಗೆಗೆ ಸಮ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಮೇಲಕ್ಕೆ ಹಾರಿಹೋಗದೆ ತಗ್ಗಿನಲ್ಲಿ ಹರಡಿ ನಿಲ್ಲುತ್ತದೆ. ಹತ್ತು ಹೆಜ್ಜೆ ಆಚೆಗಿನ ಒಲೆಯೂ ಅದಕ್ಕೆ ದೂರವಲ್ಲ.

ಡೀಸೆಲ್ ಟಾಕಿಗೆ ಈ ಭಯವಿಲ್ಲವೆಂದು ತಿಳಿಯಬಾರದು. ಡೀಸೆಲ್ಲು ತಣ್ಣಗಿದ್ದಾಗ ಕಿಡಿಗೆ ಹೊತ್ತುವುದಿಲ್ಲ ನಿಜ. ವೆಲ್ಡಿಂಗಿನ ಕಾವು ತಗುಲಿದೊಡನೆ ಒಳಗಂಟಿದ ಡೀಸೆಲ್ಲೇ ಆವಿಯಾಗಿ ಸಿಡಿದ ಉದಾಹರಣೆಗಳಿವೆ. ಯಾವ ಟಾಕಿಗೇ ಆಗಲಿ, ಮನೆಯಲ್ಲಿ ಬೆಂಕಿ ತೋರಿಸತಕ್ಕದ್ದಲ್ಲ.

ತುಕ್ಕು ಹಿಡಿಯುವುದೇಕೆ?

ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಾದರೆ ನೀರು ಮತ್ತು ಗಾಳಿ ಎರಡೂ ಬೇಕು. ಪೆಟ್ರೋಲಿನ ಟಾಕಿಯಲ್ಲಿ ನೀರೆಲ್ಲಿಂದ ಬಂತು ಎಂದು ಕೇಳಬಹುದು. ಅರ್ಧ ತುಂಬಿದ ಟಾಕಿಯ ಮೇಲ್ಭಾಗದಲ್ಲಿ ಗಾಳಿಯಿರುತ್ತದೆ. ಹಗಲು ಬಿಸಿಲಿಗೆ ಅದು ಹಿಗ್ಗಿ ಮುಚ್ಚಳದ ರಂಧ್ರದಿಂದ ಹೊರಗೆ ಹೋಗುತ್ತದೆ. ರಾತ್ರಿ ತಂಪಿಗೆ ಕುಗ್ಗಿದಾಗ ಹೊರಗಿನ ಹಸಿಗಾಳಿ ಒಳಗೆ ಬರುತ್ತದೆ. ಬೆಳಗಿನ ಜಾವ ಜೋಳದ ಎಲೆಯ ಮೇಲೆ ಇಬ್ಬನಿ ಕೂಡುವಂತೆಯೇ ಟಾಕಿಯ ಒಳಮೈಮೇಲೂ ಹನಿ ಕೂಡುತ್ತದೆ. ನೀರು ಪೆಟ್ರೋಲಿಗಿಂತ ಭಾರ. ಅದು ತಳಕ್ಕಿಳಿದು ಅಲ್ಲಿಯೇ ಕೂತು ಲೋಹವನ್ನು ತಿನ್ನತೊಡಗುತ್ತದೆ. ಮುಚ್ಚಳದ ರಬ್ಬರು ವಾಶರು ಒಣಗಿ ಬಿರಿದಿದ್ದರೆ ಮಳೆಯ ನೀರೂ ನೇರವಾಗಿ ಸೇರುತ್ತದೆ.

ಟಾಕಿಯ ಕಾಕಿನಲ್ಲಿ ರಿಜರ್ವ್ ಎಂಬ ಸ್ಥಾನ ಇದೆಯಷ್ಟೆ. ಅದು ಟಾಕಿಯ ಕಟ್ಟಕಡೆಯ ತಳದಿಂದ ಪೆಟ್ರೋಲು ಎಳೆಯುತ್ತದೆ. ನೀರೂ ಕಸವೂ ಕೂತಿರುವುದು ಅಲ್ಲಿಯೇ. ಹಳೆಯ ಗಾಡಿಗಳು ರಿಜರ್ವಿಗೆ ತಿರುಗಿಸಿದೊಡನೆ ಕೆಮ್ಮಿ ನಿಲ್ಲುವುದು ಇದೇ ಕಾರಣಕ್ಕೆ.

ಇದಕ್ಕೆ ಈಗ ಇನ್ನೊಂದು ಸಂಗತಿ ಕೂಡಿದೆ. ನಮ್ಮ ದೇಶದ ಪೆಟ್ರೋಲಿಗೆ ಎಥೆನಾಲ್ ಎಂಬ ಮದ್ಯಸಾರವನ್ನು ಬೆರೆಸುತ್ತಾರೆ. 2022ರಲ್ಲಿ ಅದು ನೂರಕ್ಕೆ 10ರ ಪ್ರಮಾಣ ಮುಟ್ಟಿತು, 2025ರಲ್ಲಿ ನೂರಕ್ಕೆ 20ನ್ನು ಮುಟ್ಟಿತು. ಸಾಂಗಲಿ, ಸೋಲಾಪುರ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿಯೂ ಇದು ತಯಾರಾಗುತ್ತದೆ. ನಮ್ಮ ಕಬ್ಬೇ ನಮ್ಮ ಟಾಕಿಗೆ ಮರಳಿ ಬರುತ್ತಿದೆ ಎನ್ನಬಹುದು. ಅದರಿಂದ ಕಬ್ಬು ಬೆಳೆಗಾರನಿಗೆ ಲಾಭವುಂಟು, ಬೇಡವೆನ್ನುವವರು ಯಾರು? ಆದರೆ ಎಥೆನಾಲಿಗೆ ನೀರನ್ನು ಹೀರುವ ಗುಣವಿದೆ. ಸ್ವಲ್ಪ ನೀರನ್ನು ಅದು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥೆನಾಲೂ ಕೂಡಿಯೇ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ದಿನವೂ ಓಡುವ ಗಾಡಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಇದು ಕೇಡು.

ಎರಡನೆಯ ತಪ್ಪು

ವೆಲ್ಡಿಂಗಿನ ಹಿರಿಯರು ಹಿಂದೆ ಕಳಿಸಿದ ಮೇಲೆ, ಟಾಕಿಯ ಒಳಗೆ ಸುರಿದು ಆಡಿಸುವ ಲೇಪವೊಂದಿದೆ, ಅದು ಸೂಜಿಮೊನೆಯ ತೂತುಗಳನ್ನೂ ಮುಚ್ಚುತ್ತದೆ ಎಂದು ತಿಳಿದು ತರಿಸಿದೆ. ಶಾಲೆ ಸುರುವಾಗಲು ನಾಲ್ಕು ದಿನ ಉಳಿದಿತ್ತು. ಟಾಕಿಗೆ ನೀರು ಹಾಕಿ ಎರಡು ಸಲ ಕುಲುಕಿ ಚೆಲ್ಲಿ, ಒಂದು ಮಧ್ಯಾಹ್ನ ಒಣಗಿಸಿ, ಲೇಪ ಸುರಿದುಬಿಟ್ಟೆ. ಒಳಗೆ ಬೆಳ್ಳಗೆ ನಯವಾಗಿ ಕಂಡಿತು. ಜಿನುಗು ನಿಂತಿತು. ಊರವರಿಗೆ ತೋರಿಸಿ ಹೆಮ್ಮೆಪಟ್ಟೆ.

ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ರಾತ್ರಿ ನಮ್ಮ ತಾಯಿಯವರಿಗೆ ದಮ್ಮು ಹೆಚ್ಚಾಯಿತು. ಅವರನ್ನು ಹಿಂದೆ ಕೂಡ್ರಿಸಿಕೊಂಡು ತಾಲೂಕಿನ ಊರಿಗೆ ಹೊರಟೆ. ಅರ್ಧ ದಾರಿಗೆ ಗಾಡಿ ನಿಂತಿತು. ಕಾಕು ಬಿಚ್ಚಿದರೆ ಪೆಟ್ರೋಲು ಹನಿಯುತ್ತಿಲ್ಲ. ತಾಯಿ ದಾರಿಯ ಬದಿಯ ಕಲ್ಲಿನ ಮೇಲೆ ಕೂತು ಉಸಿರಿಗೆ ತಡಕಾಡುತ್ತಿದ್ದರು. ನಾನು ಕತ್ತಲಲ್ಲಿ ಕಾಕಿಗೆ ಬಾಯಿಟ್ಟು ಊದುತ್ತಿದ್ದೆ. ಅಷ್ಟರಲ್ಲಿ ಹಾಲಿನ ಟೆಂಪೋ ಒಂದು ಬಂದದ್ದು ದೇವರ ದಯೆ. ತಾಯಿ ಉಳಿದರು.

ಮರುದಿನ ಟಾಕಿ ಬಿಚ್ಚಿದಾಗ ಕಂಡದ್ದಿಷ್ಟು: ನನ್ನ ಲೇಪ ಬೇಯಿಸಿದ ಹಾಲಿನ ಕೆನೆಯಂತೆ ಹಾಳೆ ಹಾಳೆಯಾಗಿ ಎದ್ದು, ಒಂದು ತುಂಡು ಕಾಕಿನ ಬಾಯಿಗೆ ಅಡ್ಡ ಕೂತಿತ್ತು. ಲೇಪದ ದೋಷವಲ್ಲ, ನನ್ನ ಅವಸರದ ದೋಷ. ಯೆಜ್ದಿಯಂಥ ಗಾಡಿ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡುವಂಥದು. ಟಾಕಿಯ ಒಳಮೈಗೆ ವರ್ಷಗಟ್ಟಲೆಯ ಎಣ್ಣೆಪಸೆ ಅಂಟಿತ್ತು. ಬರಿ ನೀರಿಗೆ ಅದು ಹೋಗುವುದುಂಟೆ?

ತರಬೇತಿ ಕಾಲೇಜಿನಲ್ಲಿ ನಮಗೆ ಕಲಿಸಿದ ಮೊದಲ ಸೂತ್ರ, ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ನಡೆಯಬೇಕು ಎಂಬುದು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವರನ್ನು ನಾವೆಲ್ಲ ನೋಡಿದ್ದೇವೆ. ಕಲಾಯಿಗಾರ ತವರ ಸವರುವುದು ಒಂದು ಗಳಿಗೆ ಮಾತ್ರ. ಅದಕ್ಕೆ ಮೊದಲು ಪಾತ್ರೆಯನ್ನು ತಿಕ್ಕುವುದೇ ಅವನ ನಿಜವಾದ ಕೆಲಸ. ಪಸೆ ಉಳಿದ ಕಡೆ ತವರ ಹಿಡಿಯದು. ಟಾಕಿಯ ಲೇಪವೂ ಹಾಗೆಯೇ. ಒಳಗಿರುವ ಕಣ್ಣಿಗೆ ಕಾಣದ ಮೂರನ್ನು, ಅಂದರೆ ಆವಿ, ಎಣ್ಣೆಪಸೆ ಮತ್ತು ನೀರಿನ ಪಸೆಯನ್ನು, ಸಂಪೂರ್ಣ ತೆಗೆಯುವುದೇ ಈ ಕೆಲಸದ ಮುಕ್ಕಾಲು ಪಾಲು. ಲೇಪಿಸುವುದು ಕಾಲು ಪಾಲು.

2019ರ ಬೇಸಿಗೆಯಲ್ಲಿ ಹಳೆಯ ಲೇಪವನ್ನು ಬಣ್ಣ ಕೀಳುವ ದ್ರಾವಣದಿಂದ ಮೆದುಮಾಡಿ ಕಿತ್ತು, ಕೆಳಗೆ ಹೇಳಿದ ಕ್ರಮದಲ್ಲಿ ಮತ್ತೆ ಮಾಡಿದೆ. ಅದು ಇಂದಿಗೂ ನಿಂತಿದೆ.

ಮೊದಲು ಆವಿ

ಕೆಲಸವನ್ನು ಬಯಲಿನಲ್ಲಿ ಹಗಲು ಹೊತ್ತಿನಲ್ಲಿ ಮಾಡಬೇಕು. ಹತ್ತಿರ ಒಲೆ, ಬೀಡಿ, ಊದುಬತ್ತಿ, ಪಂಪಿನ ಸ್ವಿಚ್ಚು ಯಾವುದೂ ಇರಬಾರದು. ಬ್ಯಾಟರಿಯ ತಂತಿಯನ್ನು ಮೊದಲೇ ಬಿಚ್ಚಿರಿ. ಪೆಟ್ರೋಲನ್ನು ಕೊಳವೆಯಿಂದ ಬಾಯಿಗೆಳೆದು ತೆಗೆಯುವ ರೂಢಿ ನಮ್ಮಲ್ಲಿ ಬಹಳ. ಅದನ್ನು ಬಿಡಬೇಕು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಾಪಾಯ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸದೆ ಕೂಡಲೇ ದವಾಖಾನೆಗೆ ಒಯ್ಯಿರಿ. ವಾಂತಿಯಲ್ಲಿ ಅದು ಉಸಿರಿನ ನಾಳಕ್ಕೆ ನುಗ್ಗುತ್ತದೆ.

ಕಾಕಿನಿಂದಲೇ ಇಳಿಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ತುಂಬಿರಿ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ಬೇಡ. ಮಗು ನೀರೆಂದು ಕುಡಿದೀತು. ಹಳಸಿದ ಪೆಟ್ರೋಲನ್ನು ಬಾವಿಯ ಹತ್ತಿರ, ಹಳ್ಳದಲ್ಲಿ ಚೆಲ್ಲಬಾರದು. ಕಸ ಸುಡಲಿಕ್ಕೂ ಬಳಸಬಾರದು. ಹಳೆ ಎಣ್ಣೆ ಸಂಗ್ರಹಿಸುವವರಿಗೆ ಅದು ಪೆಟ್ರೋಲೆಂದು ತಿಳಿಸಿ ಕೊಡಿರಿ.

ಅನಂತರ ಟಾಕಿಯನ್ನು ಗಾಡಿಯಿಂದ ಕಳಚಿ, ಮುಚ್ಚಳ, ಕಾಕು, ಅಳತೆಯ ಸಾಧನವಿದ್ದರೆ ಅದನ್ನೂ ತೆಗೆದು, ಬಾಯಿಯವರೆಗೆ ನೀರು ತುಂಬಿ ಚೆಲ್ಲಬೇಕು. ನೀರು ಒಳಗೆ ಬಂದಂತೆ ಆವಿ ಹೊರಗೆ ಹೋಗುತ್ತದೆ. ಸಾಬೂನು ಪುಡಿ ಬೆರೆಸಿದ ಬಿಸಿನೀರಿನಿಂದ ನಾಲ್ಕೈದು ಸಲ ಹೀಗೆ ಮಾಡಿ, ಕಡೆಗೆ ನೀರು ತುಂಬಿ ಒಂದು ರಾತ್ರಿ ಬಿಡಿರಿ. ಇಷ್ಟಾದರೂ ಬೆಂಕಿ ತೋರಿಸಲು ಇದು ಸಾಲದು. ತೊಳೆದು ಕೈಹಾಕಲು ಮಾತ್ರ ಸಾಕು.

ಒಳಗೆ ನೋಡಲು ಕಡ್ಡಿ ಕೊರೆಯುವುದಂತೂ ದೂರವಿರಲಿ, ದೀಪವೇ ಬೇಡ. ಸಾದಾ ಕನ್ನಡಿಯಿಂದ ಬಿಸಿಲನ್ನು ಟಾಕಿಯ ಬಾಯೊಳಗೆ ಹಾಯಿಸಿರಿ. ನಮ್ಮ ಶಾಲೆಯ ಹುಡುಗರು ಆಟಕ್ಕೆ ಮಾಡುವ ಈ ಉಪಾಯದಿಂದ ಮೂಲೆ ಮೂಲೆಯೂ ಕಾಣುತ್ತದೆ.

ಈ ಹಂತದಲ್ಲಿಯೇ ಒಂದು ತೀರ್ಮಾನ ಮಾಡಬೇಕು. ಹೆಬ್ಬೆರಳಿನಿಂದ ಒತ್ತಿದರೆ ತಳ ಬಗ್ಗುತ್ತದೆಯೇ? ಬೆಸುಗೆಯ ಸಂದು ಬಿಟ್ಟಿದೆಯೇ? ಕಡ್ಡಿ ತೂರುವಷ್ಟು ತೂತಿದೆಯೇ? ಹಾಗಿದ್ದರೆ ಆ ಟಾಕಿಯನ್ನು ಕೈಬಿಡಿರಿ, ಇಲ್ಲವೆ ಇಂಧನದ ಟಾಕಿಗಳನ್ನೇ ರಿಪೇರಿ ಮಾಡಿ ಬಲ್ಲ ಅನುಭವಸ್ಥರಿಗೆ, ಹಿಂದೆ ಪೆಟ್ರೋಲು ಇದ್ದುದನ್ನು ಸ್ಪಷ್ಟವಾಗಿ ಹೇಳಿ ಕೊಡಿರಿ. ಲೇಪವೆಂಬುದು ಕಬ್ಬಿಣಕ್ಕೆ ಹೊದಿಸುವ ಹೊದಿಕೆ. ಕಬ್ಬಿಣವೇ ಇಲ್ಲದಲ್ಲಿ ಅದು ನಿಲ್ಲಲಾರದು.

ಎರಡನೆಯದು ಎಣ್ಣೆಪಸೆ

ಬಿಸಿನೀರಿಗೆ ಬಟ್ಟೆ ಒಗೆಯುವ ಸೋಡಾ ಹಾಕಿ ಕರಗಿಸಿ, ಟಾಕಿ ತುಂಬಿ ಐದಾರು ಗಂಟೆ ಬಿಡಿರಿ. ಅಗ್ಗದ ಈ ಸೋಡಾ ಎಣ್ಣೆಪಸೆಯನ್ನು ಬಿಡಿಸುವುದರಲ್ಲಿ ಬಲು ಗಟ್ಟಿಗ. ನೀರು ಕಂದಾಗಿ ಬಂದಷ್ಟು ಸಲವೂ ಇದನ್ನು ಮತ್ತೆ ಮಾಡಬೇಕು. ಪರೀಕ್ಷೆ ಬಹು ಸುಲಭ. ಶುಚಿಯಾದ ಲೋಹದ ಮೇಲೆ ನೀರು ತೆಳ್ಳಗೆ ಹರಡಿ ನಿಲ್ಲುತ್ತದೆ. ಪಸೆ ಉಳಿದಿದ್ದರೆ ಕೆಸವಿನ ಎಲೆಯ ಮೇಲಿನಂತೆ ಹನಿ ಹನಿಯಾಗಿ ಒಡೆಯುತ್ತದೆ. ಹನಿ ಒಡೆಯುವುದು ನಿಲ್ಲುವವರೆಗೆ ಮುಂದಿನ ಹೆಜ್ಜೆ ಇಡಬೇಡಿರಿ.

ಮೂರನೆಯದು ತುಕ್ಕು

ಸಡಿಲಾದ ತುಕ್ಕನ್ನು ಬಿಡಿಸಲು ಹಲವರು ಟಾಕಿಯೊಳಗೆ ನಟ್ಟುಗಳನ್ನೂ ಗರಸನ್ನೂ ಹಾಕಿ ಕುಲುಕುತ್ತಾರೆ. ಒಂದು ಕಲ್ಲು ಒಳಗೆ ಉಳಿದರೆ ಅದೇ ಹೊಸ ತೊಂದರೆ. ಸಣ್ಣ ಕೊಂಡಿಗಳ ಸರಪಳಿಯ ಒಂದು ಮೊಳದ ತುಂಡು ಇದಕ್ಕಿಂತ ಲೇಸು. ಹಾಕಿದ್ದು ಪೂರ್ತಿಯಾಗಿ ಹೊರಗೆ ಬರುತ್ತದೆ. ಕಾಲು ಭಾಗ ಸೋಡಾ ನೀರಿರುವಾಗಲೇ ಕುಲುಕಬೇಕು. ಒಣಗಿದ್ದಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಿಡಿ ಏಳಬಾರದಷ್ಟೆ. ನನಗೆ ಕೈ ಸೋತಾಗ ಟಾಕಿಯ ಬಾಯಿ ಬಿಗಿದು, ಹಳೆಯ ಕೌದಿಯಲ್ಲಿ ಸುತ್ತಿ, ಗೊಬ್ಬರ ಸಾಗಿಸುವ ಟ್ರೇಲರಿನಲ್ಲಿ ಕಟ್ಟಿ ಕಳಿಸಿದೆ. ನಮ್ಮ ಹೊಲದ ದಾರಿಯ ಹೊಂಡಗಳು ಎರಡು ಖೇಪಿನಲ್ಲಿ ಆ ಕೆಲಸ ಮುಗಿಸಿದವು.

ಗಟ್ಟಿಯಾಗಿ ಅಂಟಿದ ತುಕ್ಕಿಗೆ ಹುಳಿ ಬೇಕು. ಹಿತ್ತಾಳೆಯ ಕೊಡಕ್ಕೆ ಹುಣಸೆಹಣ್ಣು ತಿಕ್ಕುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸ ಮಾತಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುವ ಲಿಂಬೆ ಉಪ್ಪು, ಎಂದರೆ ಸಿಟ್ರಿಕ್ ಆಮ್ಲದ ಹರಳು, ಈ ಕೆಲಸಕ್ಕೆ ಎಲ್ಲಕ್ಕಿಂತ ಸುರಕ್ಷಿತ. ಒಂದು ಲೀಟರು ಬಿಸಿನೀರಿಗೆ 50ರಿಂದ 100 ಗ್ರಾಂ ಹಾಕಿ ಕರಗಿಸಿ, ಟಾಕಿಯನ್ನು ಬಾಯಿಯವರೆಗೆ ತುಂಬಿರಿ. ಅರ್ಧ ತುಂಬಿದರೆ ಮೇಲಿನ ತುಕ್ಕು ಹಾಗೆಯೇ ಉಳಿಯುತ್ತದೆ. ಒಂದು ರಾತ್ರಿ ಬಿಟ್ಟು ನೋಡಿ, ಬೇಕಾದರೆ ಇನ್ನೊಂದು ಹಗಲು ಬಿಡಿರಿ. ಬಾಯಿ ಬಿಗಿಯಬಾರದು. ಹುಳಿ ಲೋಹಕ್ಕೆ ತಾಗಿದಾಗ ಜಲಜನಕ ಏಳುತ್ತದೆ, ಅದೂ ಉರಿಯುವ ಅನಿಲ.

ಹನಿ ನೀರಾವರಿಯ ಕೊಳವೆ ತೊಳೆಯಲು ನಮ್ಮ ದ್ರಾಕ್ಷಿ ಬೆಳೆಗಾರರು ತರಿಸುವ ಫಾಸ್ಫಾರಿಕ್ ಆಮ್ಲವೂ ಇದಕ್ಕೆ ಬರುತ್ತದೆ. ತುಕ್ಕು ತೆಗೆಯುವುದರ ಜೊತೆಗೆ ಅದು ಕಬ್ಬಿಣದ ಮೇಲೆ ಮಸುಕಾದ ತೆಳು ಪದರು ಬಿಟ್ಟು ಹೊಸ ತುಕ್ಕನ್ನು ತುಸು ತಡೆಯುತ್ತದೆ. ಆದರೆ ಅದು ತೀಕ್ಷ್ಣ. ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ಸಂಡಾಸ ತೊಳೆಯುವ ಆಸಿಡ್ಡನ್ನು ಮಾತ್ರ ಬಳಸಬೇಡಿರಿ. ಅದು ತುಕ್ಕಿನ ಜೊತೆಗೆ ಒಳ್ಳೆಯ ಕಬ್ಬಿಣವನ್ನೂ ತಿಂದು, ತೊಳೆದ ಕೂಡಲೇ ಮತ್ತೆ ತುಕ್ಕು ಏಳುವಂತೆ ಮಾಡುತ್ತದೆ. ಯಾವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯೊಡನೆ ಕೂಡಿಸಬಾರದು. ವಿಷದ ಗಾಳಿ ಏಳುತ್ತದೆ. ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳೂ ದನಗಳೂ ಹತ್ತಿರ ಸುಳಿಯದಿರಲಿ.

ತುಕ್ಕು ಹೋಗಿ ಬೂದುಬಣ್ಣದ ಲೋಹ ಕಂಡಾಗ ಹುಳಿನೀರು ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಮ್ಮೆ ತೊಳೆದು, ಆಮೇಲೆ ಎರಡು ಸಲ ಶುದ್ಧ ನೀರಿನಿಂದ ಜಾಲಿಸಿರಿ. ತೆಗೆದ ಹುಳಿನೀರಿಗೂ ನೊರೆ ನಿಲ್ಲುವವರೆಗೆ ಸೋಡಾ ಹಾಕಿ, ಬಾವಿಯಿಂದ ದೂರ ಚೆಲ್ಲಬೇಕು.

ನಾಲ್ಕನೆಯದು ನೀರಿನ ಪಸೆ

ಬೆತ್ತಲೆಯಾದ ಕಬ್ಬಿಣ ಹಸಿಯಿದ್ದರೆ ಕೆಲವೇ ನಿಮಿಷಗಳಲ್ಲಿ ಹಳದಿ ತಿರುಗುತ್ತದೆ. ಆದ್ದರಿಂದ ಇಲ್ಲಿ ಮಾತ್ರ ಕೈ ಚುರುಕಾಗಬೇಕು. ನೀರು ಪೂರ್ತಿ ಬಸಿದು, ಸೈಕಲ್ ಪಂಪಿನಿಂದ ಸಂದುಗಳಿಗೆ ಗಾಳಿ ಊದಿ, ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಬಾಯಿ ಕೆಳಗೆ ಮಾಡಿ ಇಡಿರಿ. ಗಳಿಗೆಗೊಮ್ಮೆ ಹೊರಳಿಸಿರಿ. ಈ ಕೆಲಸಕ್ಕೆ ಬೇಸಿಗೆ ಬಿಟ್ಟು ಬೇರೆ ಕಾಲವಿಲ್ಲ. ಮಳೆಗಾಲದಲ್ಲಿ ಮಾಡಹೋಗುವವನು ನೀರಿನ ಮೇಲೆ ಸುಣ್ಣ ಬಳಿದಂತೆ.

ಗಾಡಿ ದಿನವೂ ಓಡುವಂಥದಾಗಿ, ತೂತೇನೂ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಸ್ವಲ್ಪ ಇಂಜಿನ್ ಎಣ್ಣೆಯನ್ನು ಒಳಗೆ ಆಡಿಸಿ ಚೆಲ್ಲಿ, ಟಾಕಿ ತುಂಬ ಪೆಟ್ರೋಲು ಹಾಕಿ ಓಡಿಸಿದರೆ ಸಾಕು. ಎಲ್ಲ ಟಾಕಿಗೂ ಲೇಪ ಬೇಕೆಂಬ ನಿಯಮವಿಲ್ಲ. ಲೇಪಿಸುವುದೇ ಆದರೆ ಮಾತ್ರ ಎಣ್ಣೆಯ ಒಂದು ಹನಿಯೂ ತಾಗಬಾರದು.

ಲೇಪಿಸುವ ಕ್ರಮ

ಲೇಪ ಕೊಳ್ಳುವಾಗ ಎಥೆನಾಲ್ ಬೆರೆತ ಪೆಟ್ರೋಲಿಗೆ ತಡೆಯುವಂಥದೇ ಎಂದು ಡಬ್ಬಿಯ ಮೇಲೆ ಓದಿಸಿ ನೋಡಿರಿ. ಹಳೆಯ ಕಾಲದ ಕೆಲವು ಲೇಪಗಳು ಮದ್ಯಸಾರದಲ್ಲಿ ಕರಗಿ ಜೆಲ್ಲಿಯಂತಾಗುತ್ತವೆ. ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಜಾತಿಯವು ಸಾಮಾನ್ಯವಾಗಿ ಬಾಳುತ್ತವೆ. ಎರಡನ್ನೂ ಹೇಳಿದ ಅಳತೆಯಲ್ಲಿಯೇ ಬೆರೆಸಬೇಕು. ಗಟ್ಟಿಯಾಗಲೆಂದು ಒಂದನ್ನು ಹೆಚ್ಚು ಹಾಕಿದರೆ ಎಂದಿಗೂ ಗಟ್ಟಿಯಾಗದು.

ಬಿಸಿಲಿನಲ್ಲಿ ಒಣಗಿಸಿದ ಟಾಕಿಯನ್ನು ನೆರಳಿಗೆ ತಂದು ತಣ್ಣಗಾಗಿಸಿ, ಬೆಳಗಿನ ತಂಪಿನಲ್ಲಿ ಲೇಪಿಸಿರಿ. ಕಾದ ಲೋಹದ ಮೇಲೆ ಎಪಾಕ್ಸಿ ಹರಡುವ ಮೊದಲೇ ಬಿಗಿದುಬಿಡುತ್ತದೆ. ಕಾಕಿನ ತೂತನ್ನು ಪ್ಲಾಸ್ಟಿಕ್ ಹಾಳೆ ಸುತ್ತಿದ ಬಿರಡೆಯಿಂದ ಬಿಗಿದು, ಲೇಪ ಸುರಿದು, ಬಾಯಿ ಮುಚ್ಚಿ, ಟಾಕಿಯನ್ನು ನಿಧಾನವಾಗಿ ಎಲ್ಲ ಮಗ್ಗುಲಿಗೂ ಹೊರಳಿಸಬೇಕು. ರೊಟ್ಟಿಯ ಹಂಚಿಗೆ ಎಣ್ಣೆ ಸವರಿದಂತೆ ತೆಳ್ಳಗೆ ಎಲ್ಲೆಡೆ ಹರಡಿದರೆ ಸಾಕು. ಕುಲುಕಿದರೆ ಗುಳ್ಳೆ ಏಳುತ್ತದೆ. ಕನ್ನಡಿಯ ಬಿಸಿಲಿನಿಂದ ನೋಡಿ, ಬಿಟ್ಟ ಜಾಗವಿದ್ದರೆ ಮತ್ತೆ ಹೊರಳಿಸಿರಿ.

ಉಳಿದ ಲೇಪವನ್ನು ಪೂರ್ತಿ ಬಸಿಯಲೇಬೇಕು. ತಳದಲ್ಲಿ ಮಡುಗಟ್ಟಿದರೆ ಅದು ಮೇಲಷ್ಟೇ ಒಣಗಿ ಮುಂದೆ ಹಾಳೆಯಾಗಿ ಏಳುತ್ತದೆ. ಬಿಗಿಯುವ ಮೊದಲು ಬಿರಡೆ ತೆಗೆದು, ಕಾಕಿನ ತೂತು, ಎಳೆಗಳು, ಗಾಳಿಯಾಡುವ ಸಣ್ಣ ಕೊಳವೆ ಇವನ್ನೆಲ್ಲ ಒರೆಸಿ ತೆರವು ಮಾಡಿರಿ. ಗಾಳಿಯ ದಾರಿ ಮುಚ್ಚಿದರೆ ಪೆಟ್ರೋಲು ಇಳಿಯದು. ಅನಂತರ ಡಬ್ಬಿಯ ಮೇಲೆ ಹೇಳಿದಷ್ಟು ದಿನ, ಒಂದು ದಿನವೂ ಕಡಿಮೆಯಿಲ್ಲದಂತೆ, ಬಾಯಿ ತೆರೆದು ಬಿಡಬೇಕು. “ತಾಳಿದವನು ಬಾಳಿಯಾನು” ಎಂಬುದು ಇಲ್ಲಿ ಅಕ್ಷರಶಃ ನಿಜ. ಮೊದಲ ಸಲ ಪೆಟ್ರೋಲು ಹಾಕಿದಾಗ ಸ್ವಲ್ಪವೇ ಹಾಕಿ, ಕಾಕಿನಿಂದ ಬಿಳಿಯ ಬಟ್ಟೆಯ ಮೂಲಕ ಇಳಿಸಿ, ಚೂರು ಬರುತ್ತದೆಯೇ ನೋಡಿರಿ. ಕಾಕಿಗೂ ಕಾರ್ಬುರೇಟರಿಗೂ ನಡುವೆ ಒಂದು ಸಣ್ಣ ಫಿಲ್ಟರು ಕೂಡ್ರಿಸಿದರೆ ಮತ್ತೂ ಒಳ್ಳೆಯದು.

ಟ್ರ್ಯಾಕ್ಟರಿನ ಟಾಕಿ

ಟ್ರ್ಯಾಕ್ಟರಿನ, ಡೀಸೆಲ್ ಪಂಪಿನ ಟಾಕಿಗೆ ಲೇಪಕ್ಕಿಂತ ದಿನದ ಎಚ್ಚರಿಕೆಯೇ ಮುಖ್ಯ. ಡೀಸೆಲ್ ಇಂಜಿನ್ನಿನ ಪಂಪು ಮತ್ತು ನಾಜಲ್ಲುಗಳು ಬಹಳ ಸೂಕ್ಷ್ಮ. ಒಂದು ಹನಿ ನೀರು, ಒಂದು ಚಿಟಿಕೆ ತುಕ್ಕಿನ ಪುಡಿ ಅವುಗಳಿಗೆ ಮುಳ್ಳಿದ್ದಂತೆ. ಕೆಲಸ ಮುಗಿಸಿದ ಸಂಜೆಯೇ ಟಾಕಿ ತುಂಬಿಟ್ಟರೆ ರಾತ್ರಿಯ ಇಬ್ಬನಿಗೆ ಒಳಗೆ ಸ್ಥಳವಿರುವುದಿಲ್ಲ. ನೀರು ಬೇರ್ಪಡಿಸುವ ಬಟ್ಟಲಿದ್ದರೆ ಬೆಳಿಗ್ಗೆ ಇಂಜಿನ್ನು ಸುರು ಮಾಡುವ ಮೊದಲು ಅದರ ನೀರು ಬಿಡಿರಿ. ನೀರೂ ಡೀಸೆಲ್ಲೂ ಕೂಡಿದ ಕಡೆ ಸೂಕ್ಷ್ಮಜೀವಿಗಳು ಬೆಳೆದು ಕರಿಯ ಲೋಳೆ ಕಟ್ಟುವುದುಂಟು. ಜಸ್ತ ಲೇಪಿಸಿದ ಬಕೆಟ್ಟು, ಡಬ್ಬಿಗಳಲ್ಲಿ ಡೀಸೆಲ್ಲು ಕೂಡಿಡಬಾರದು. ಜಸ್ತ ಅದರಲ್ಲಿ ಸೇರಿ ಫಿಲ್ಟರಿಗೆ ತೊಂದರೆ ಕೊಡುತ್ತದೆ.

ಮುಂದಿನ ಜೋಪಾನ

ಗಾಡಿ ಒಂದೆರಡು ತಿಂಗಳು ನಿಲ್ಲುವುದಿದ್ದರೆ ಟಾಕಿ ಕಂಠಮಟ್ಟ ತುಂಬಿ, ಕಾಕು ಮುಚ್ಚಿ ನೆರಳಿನಲ್ಲಿಡಿರಿ. ಅದಕ್ಕಿಂತ ಹೆಚ್ಚು ಕಾಲ ನಿಲ್ಲುವುದಿದ್ದರೆ ಪೂರ್ತಿ ಖಾಲಿ ಮಾಡಿ, ಲೇಪವಿಲ್ಲದ ಟಾಕಿಯಾದರೆ ಒಳಗೆ ಎಣ್ಣೆ ಆಡಿಸಿ, ಮುಚ್ಚಳ ಬಿಗಿದಿಡಿರಿ. ಅರ್ಧ ತುಂಬಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ವರ್ಷಕ್ಕೊಮ್ಮೆ ಮುಚ್ಚಳದ ವಾಶರು ಬದಲಿಸಿರಿ. ಅದರ ಬೆಲೆ ಚಹದ ಬೆಲೆಗಿಂತ ಬಹಳ ಹೆಚ್ಚಿಲ್ಲ. ಮುಂಗಾರಿಗೆ ಮೊದಲು ಒಮ್ಮೆ ಕಾಕು ಬಿಚ್ಚಿ ತಳದ ನೀರು ಇಳಿಸಿರಿ. ಖಂಡೇನವಮಿಯ ದಿನ ಮಾಲೆ ಹಾಕುವ ಮುನ್ನ ಮುಚ್ಚಳ ತೆರೆದು ಕನ್ನಡಿ ಹಿಡಿದು ಒಳಗೊಮ್ಮೆ ನೋಡುವ ಪದ್ಧತಿ ಹಾಕಿಕೊಂಡರೆ ಅದೇ ಗಾಡಿಗೆ ನಿಜವಾದ ಪೂಜೆ.

ಕಳೆದ ಬೇಸಿಗೆಯಲ್ಲಿ ನಾನು ಆ ವೆಲ್ಡಿಂಗಿನ ಹಿರಿಯರ ಅಂಗಡಿಗೆ ಹೋಗಿದ್ದೆ. ಯಾರೋ ತರುಣನೊಬ್ಬ ಖಾಲಿ ಡೀಸೆಲ್ ಬ್ಯಾರಲ್ಲು ಕೊಯ್ಯಿಸಿ ಹಗೇವಿನ ಮುಚ್ಚಳ ಮಾಡಿಸಬೇಕೆಂದು ತಂದಿದ್ದ. ಹಿರಿಯರು ನನ್ನ ಕಡೆ ತಿರುಗಿ, “ಮಾಸ್ತರ್ರ, ಇವಗ ನೀವ ಪಾಠ ಹೇಳ್ರಿ, ನಂದ ಕೈ ತೋರಿಸಿ ತೋರಿಸಿ ಸಾಕಾಗೈತಿ” ಎಂದರು. ನಾನು ಅಲ್ಲಿಯೇ ಕೂತು ಹೇಳಿದೆ. ಅವನು ಬ್ಯಾರಲ್ಲನ್ನು ಮರಳಿ ಒಯ್ದ.

ರೈತ ಬಾಂಧವರೇ, ನೂರು ಮಂದಿಗೆ ಆ ಸುಟ್ಟ ಕೈ ತೋರಿಸಲು ಆಗದು, ಅದಕ್ಕಾಗಿಯೇ ಇಷ್ಟು ಬರೆದೆ. ನಿಮ್ಮ ಮನೆಯ ಮೂಲೆಯಲ್ಲಿ ಹಳೆಯ ಟಾಕಿಯಿದ್ದರೆ ಅದನ್ನು ಖಾಲಿಯೆಂದು ನಂಬಬೇಡಿರಿ. ಮೊದಲು ನೀರು ತುಂಬಿರಿ. ಆಮೇಲೆ ಮುಂದಿನ ಮಾತು.